ಗೋಡೆಯ ಮೇಲಿನ ಸರ್ಟಿಫಿಕೇಟು

ಪರದೇಶದಲ್ಲಿ, ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗೆ ಯಾವ ಫಾರ್ಮು ತುಂಬಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು. ವೀಸಾ, ಪಾಸ್‌ಪೋರ್ಟು, ಅತ್ತೆ ಮಾವನನ್ನು ಕರೆಸಿಕೊಳ್ಳುವ ಪತ್ರ, ಎಲ್ಲದರಲ್ಲೂ ನಾನೇ ಪಂಡಿತ. ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಮೈಸೂರಿನ ಕಚೇರಿಗಳ ಮುಂದೆ ಕಾದು ಬೆಳೆದವನು ನಾನು. ಸರ್ಕಾರದ ಸೀಲಿಲ್ಲದ ಕಾಗದ ನನ್ನ ಕಣ್ಣಿಗೆ ಕಾಗದವೇ ಅಲ್ಲ. ಈ ಪಾಂಡಿತ್ಯದ ಕೊಬ್ಬೂ ಸ್ವಲ್ಪ ಇತ್ತು.

ಕೆಳಗಿನ ಮನೆಯಾಕೆ ಸಿರಿಯಾದವರು, ಕುರ್ದಿ ಜನ. ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ದೇಶದ ಈಶಾನ್ಯದಲ್ಲಿ ಅವರ ಕಡೆಯವರು ತಾವೇ ಆಡಳಿತ ಕಟ್ಟಿಕೊಂಡಿದ್ದರು. ಶಾಲೆ, ಪೊಲೀಸು, ಕೋರ್ಟು ಎಲ್ಲ ಇತ್ತು. ಅದನ್ನು ಒಪ್ಪಿಕೊಂಡ ದೇಶ ಮಾತ್ರ ಒಂದೂ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಆಕೆ ಪ್ರಿಂಟು ಹಾಕಿಸಿದ ಹಾಳೆಯೊಂದನ್ನು ಹಿಡಿದು ಬಂದರು. "ಊರಲ್ಲಿರೋ ತಂಗಿ ಮಗಳದು. ಮೂರನೇ ಕ್ಲಾಸ್ ಪಾಸಾಗಿದಾಳೆ, ನಮ್ಮ ಭಾಷೇಲೇ ಓದಿ," ಎಂದರು. ಮಾತು ಮುಂದುವರಿಯುವ ಮೊದಲೇ ನಾನು ಸೀಲು ನೋಡಿದೆ.

"ಇದು ಎಲ್ಲೂ ನಡೆಯಲ್ಲ. ಕೊಟ್ಟಿರೋ ಸರ್ಕಾರಾನೇ ಯಾರೂ ಒಪ್ಪಿಲ್ಲ. ಮುಂದೆ ಕಾಲೇಜು, ವೀಸಾ ಯಾವುದಕ್ಕೂ ಬರಲ್ಲ. ರಾಜಧಾನಿ ಡಮಾಸ್ಕಸ್‌ನಲ್ಲಿರೋ ಸರ್ಕಾರದ ಸ್ಕೂಲಿಗೆ ಸೇರಿಸೋಕೆ ಹೇಳಿ," ಎಂದು ಇಂಗ್ಲಿಷಿನಲ್ಲಿ ಉಪದೇಶ ಮಾಡಿದೆ.

"ಆ ಸ್ಕೂಲಲ್ಲಿ ನಮ್ಮ ಭಾಷೆ ಮಾತಾಡಿದ್ರೆ ನಂಗೂ ತಂಗಿಗೂ ಏಟು ಬೀಳ್ತಿತ್ತು," ಎಂದರು ಆಕೆ. ಆಮೇಲೆ ನಮ್ಮ ಗೋಡೆ ತೋರಿಸಿ, "ಅಂಥ ಫ್ರೇಮ್ ಎಲ್ಲಿ ಸಿಗುತ್ತೆ ಅಂತ ಕೇಳೋಕೆ ಬಂದೆ," ಎಂದರು.

ಗೋಡೆಯ ಮೇಲಿದ್ದುದು ನನ್ನ ಮಗಳ ಸರ್ಟಿಫಿಕೇಟು. ಲೈಬ್ರರಿಯ ರೂಮಿನಲ್ಲಿ ನಾವೇ ನಡೆಸುವ ಭಾನುವಾರದ ಕನ್ನಡ ಕ್ಲಾಸಿನದು. ಸೀಲು ನಾನೇ ಆನ್‌ಲೈನಿನಲ್ಲಿ ಮಾಡಿಸಿದ್ದು, ಸಹಿಯೂ ನನ್ನದೇ.

ಆಕೆ ಹೋದ ಮೇಲೆ ಹೆಂಡತಿ, "ಫಾರ್ಮ್ ನೋಡಿ ನೋಡಿ ನಿಮಗೆ ಮನುಷ್ಯರೇ ಕಾಣಲ್ಲ ರೀ. ಹೋಗಿ ಸಾರಿ ಕೇಳಿ," ಎಂದಳು. ನಾಳೆ ಹೋಗೋಣ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಪಾರ್ಕಿಂಗಿನಲ್ಲಿ ಆಕೆ ಕಂಡರೆ ಫೋನು ಕಿವಿಗಿಟ್ಟುಕೊಂಡು ಕಾರಿನಲ್ಲೇ ಕೂತುಬಿಡುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಆಕೆಯೇ ಬಾಗಿಲು ತಟ್ಟಿದರು. ಕೈಯಲ್ಲಿ ಖರ್ಜೂರ ತುಂಬಿದ ಬಿಸ್ಕತ್ತಿನ ತಟ್ಟೆ.

"ನೀವು ಹೇಳಿದ್ದನ್ನ ತಂಗಿಗೆ ಹೇಳಿದೆ. ಮೊದಲು ಅತ್ತಳು. ಆಮೇಲೆ ಮಗೂನ ಸರ್ಕಾರಿ ಸ್ಕೂಲಿಗೇ ಹಾಕಿದಳು. ಅರಬ್ಬಿ ಭಾಷೆ ಬರಲ್ಲ ಅಂತ ಒಂದನೇ ಕ್ಲಾಸಲ್ಲಿ ಕೂರಿಸಿದಾರೆ. ಸ್ಕೂಲಲ್ಲಿ ಮಾತೇ ಆಡಲ್ವಂತೆ. ಆದ್ರೂ ನೀವು ಹೇಳಿದ್ದು ಅವಳ ಒಳ್ಳೇದಕ್ಕೇ. ಥ್ಯಾಂಕ್ಸ್."

ಚುಚ್ಚುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೇ ಹೇಳುತ್ತಿದ್ದರು. ತಪ್ಪು ನನ್ನದು ಎನ್ನುವ ಬದಲು ತಟ್ಟೆ ತೆಗೆದುಕೊಂಡೆ. ಒಳಗಿನ ಗೋಡೆ ಆಕೆಗೆ ಕಾಣದ ಹಾಗೆ ಬಾಗಿಲಿಗೆ ಅಡ್ಡ ನಿಂತೆ.