ಗಿರಿಜಾಳ ಬಲಗೈ

ಗಿರಿಜಾ, ನಿನ್ನ ಬೆರಳು ಕಡಿದದ್ದು ನಾನು. ಕತ್ತಿ ತಾನಾಗಿ ಜಾರಲಿಲ್ಲ — ನಾನೇ ಬೀಸಿದೆ. ಇದು ನಿನಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಇಂದಿಗೂ ಗೊತ್ತಿಲ್ಲ.

ನಾವಿಬ್ಬರೂ ಬುಟ್ಟಿ ಹೊತ್ತು ಬಿಕರ್ನಕಟ್ಟೆಯ ಮನೆಮನೆಗೆ ಮೀನು ಮಾರಿದವರು. ಒಬ್ಬಳ ಬೂತಾಯಿ ಮೀನು ಉಳಿದರೆ ಇನ್ನೊಬ್ಬಳು ತನ್ನ ಬುಟ್ಟಿಗೆ ಹಾಕಿಕೊಂಡು ಮಾರಿ ಬರುತ್ತಿದ್ದ ಕಾಲ ಅದು. ಗೇಟಿನಲ್ಲಿ ಕೂಗಿದರೆ ಬೆಕ್ಕಿಗಿಂತ ಮುಂಚೆ ಮನೆಯೊಡತಿ ಓಡಿ ಬರುತ್ತಿದ್ದಳು. ಆಮೇಲೆ ಮನೆ ಹೋಗಿ ಫ್ಲ್ಯಾಟು ಬಂತು, ವಾಚ್‌ಮನ್ ಬಂದ. ಫೋನಿನಲ್ಲಿ ಒತ್ತಿದರೆ ಕತ್ತರಿಸಿ ತೊಳೆದ ಮೀನು ಬಾಗಿಲಿಗೇ ಬರತೊಡಗಿತು. ನಾನು ಮಾರುಕಟ್ಟೆಯ ಮೂಲೆ ಹಿಡಿದೆ. ನೀನು ಆ ಫೋನಿನವರ ಅಂಗಡಿಗೇ ಮೀನು ಕತ್ತರಿಸಲು ಸೇರಿದೆ. ಅಂದಿನಿಂದ ನಿನ್ನನ್ನು ಕಂಡರೆ ಮುಖ ತಿರುಗಿಸತೊಡಗಿದೆ.

ಅಂದು ಮಧ್ಯಾಹ್ನ ಮಾರುಕಟ್ಟೆಯ ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು. ಯಾರೂ ಕೇಳದ ಅಂಜಲ್ ಮೀನಿನ ಮುಂದೆ ನಾನೊಬ್ಬಳೇ. ನೀನು ಬಂದು ನನ್ನ ಹಲಗೆಯ ಮೇಲೆ ಕೈಯೂರಿ ಕುಳಿತೆ.

“ಅಕ್ಕ, ನೀವೂ ಬನ್ನಿ ಅಲ್ಲಿಗೆ. ಇನ್ನೊಬ್ಬರು ಬೇಕಂತೆ. ಫ್ಯಾನ್ ಉಂಟು, ಬಿಸಿಲಿಲ್ಲ. ಇಲ್ಲಿ ಇನ್ನೆಂತ ಉಂಟು ಮಾರಾಯ್ರೆ?”

ಬೈದಿದ್ದರೆ ಸಹಿಸುತ್ತಿದ್ದೆ. ನೀನು ಕನಿಕರ ತೋರಿಸಿದೆಯಲ್ಲ — ನನಗೆ, ನಿನಗೆ ವ್ಯಾಪಾರ ಕಲಿಸಿದವಳಿಗೆ — ಮೀನಿಗೆಂದು ಎತ್ತಿದ ಕತ್ತಿಯನ್ನು ನಿನ್ನ ಬಲಗೈಯ ಮೇಲೆ ಇಳಿಸಿದೆ. ಎರಡು ಬೆರಳು. ಮುಳ್ಳು ಕಡಿಯುವಾಗಿನ ಅದೇ ಸದ್ದು. ಐಸೆಲ್ಲ ಕೆಂಪಾಯಿತು. ನೀನು ಕಿರುಚಿದಾಗ ಒಂದು ಗಳಿಗೆ — ಇದನ್ನೂ ಹೇಳಿಬಿಡುತ್ತೇನೆ — ನನಗೆ ಹಿತವೆನಿಸಿತು.

ಆಸ್ಪತ್ರೆಯಲ್ಲಿ ನೀನೇ ಅಂದೆ, “ಮೀನು ಕಟ್ ಮಾಡುವಾಗ ಕತ್ತಿ ಜಾರಿತು ಡಾಕ್ಟ್ರೇ.” ಪಕ್ಕದಲ್ಲಿದ್ದ ನಾನು ಹೌದೆಂದು ತಲೆಯಾಡಿಸಿದೆ.

ಕೈಯಲ್ಲಿ ಕೆಲಸ ಆಗದವಳೆಂದು ಅಂಗಡಿಯವರು ನಿನ್ನನ್ನು ಕೆಲಸದಿಂದ ತೆಗೆದರು. ಆ ಜಾಗಕ್ಕೆ ಹೋಗಿ ನಿಂತವಳು ನಾನೇ — ನಾಚಿಕೆಯಿಲ್ಲದೆ. ಈಗ ನೀನು ಮನೆಯಲ್ಲಿ ಎಡಗೈಯಿಂದ ಸಿಗಡಿ ಸುಲಿಯುತ್ತೀ. ನಾನು ಫ್ಯಾನಿನ ಕೆಳಗೆ ನಿಂತು, ಜೊತೆಯ ಹುಡುಗಿಯರಿಗೆ ಹಳೆಯ ಕಾಲದ ಪುರಾಣ ಹೇಳುತ್ತೇನೆ. ಆಗ ನಾವು ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಗಿದ್ದೆವು ಗೊತ್ತಾ, ಈಗಿನವರಿಗೆ ಮನುಷ್ಯತ್ವವೇ ಇಲ್ಲ ಎನ್ನುತ್ತೇನೆ. ಅವರು ನಂಬುತ್ತಾರೆ.

ನಿನ್ನೆ ಒಬ್ಬಳು ಕೇಳಿದಳು, “ಗಿರಿಜಕ್ಕ ಈಗ ಎಂತ ಮಾಡ್ತಾರೆ?”

“ಆರಾಮ ಇದ್ದಾಳೆ” ಎಂದೆ. ಕೈಯಲ್ಲಿ ಕತ್ತಿ ಇತ್ತು. ಮುಂದೆ ಕತ್ತರಿಸಲು ಆಗಲಿಲ್ಲ.

ನಾಳೆ ಆ ಹುಡುಗಿಯರ ಮುಂದೆಯೇ ಅಂಗಡಿಯ ಧಣಿಗೆ ಎಲ್ಲ ಹೇಳುತ್ತೇನೆ. ಅಲ್ಲಿಂದ ಪೊಲೀಸ್ ಠಾಣೆಗೆ. ಅವರು ನಿನ್ನನ್ನು ಕರೆಸಿ ಕೇಳುತ್ತಾರೆ, ಗಿರಿಜಾ. ಈ ಸಲ ನನ್ನನ್ನು ಉಳಿಸಬೇಡ.