ತುಕ್ಕಿನ ಚೂರು ಕಟ್ಟಿದ ಚಕ್ರ

ಮಗಳ ಪಿಎಚ್‌ಡಿ ಬಿಡಿಸಿ ಮನೆಗೆ ಕರೆತರಲು ಹೊರಟ ತಾಯಿಯ ಪಕ್ಕದ ಸೀಟಿನಲ್ಲಿ ನೀವು ಯಾವತ್ತಾದರೂ ಕೂತಿದ್ದೀರಾ? ಕಳೆದ ಮಂಗಳವಾರ ನಾನು ಕೂತಿದ್ದೆ. ಕಾಪುವಿನಿಂದ ಮಣಿಪಾಲದವರೆಗೆ, ಬಸ್ಸಿನಲ್ಲಿ. ತಾಯಿ ನನ್ನ ಅಕ್ಕ ಸುನಂದಾ. ಮಗಳು ಶ್ರುತಿ.

ಅಕ್ಕನ ಸಂಕಟ ಸಣ್ಣದಲ್ಲ. ಐದು ವರ್ಷದಿಂದ ಶ್ರುತಿ ಲ್ಯಾಬ್‌ನಲ್ಲಿ ಕಣ್ಣಿಗೆ ಕಾಣದ ಯಂತ್ರ ಕಟ್ಟುತ್ತಿದ್ದಾಳೆ. ಹೆಚ್ಚಿನ ದಿನ ಅದು ಕಟ್ಟಿಕೊಳ್ಳುವುದಿಲ್ಲ. ಫೋನಿನಲ್ಲಿ ಅಳುತ್ತಾಳೆ.

"ಸಾಕು, ಕರ್ಕೊಂಡು ಬರುವ. ನೀನೂ ಎರಡು ಮಾತು ಹೇಳು" ಎಂದಿದ್ದಳು ಅಕ್ಕ. (ನಮ್ಮ ಮಾತೆಲ್ಲ ತುಳುವಿನಲ್ಲಿ. ಕನ್ನಡ ಮಾಡಿದ್ದು ನಾನು.)

ಲ್ಯಾಬ್ ತಲುಪಿದಾಗ ಶ್ರುತಿ ನಮ್ಮನ್ನು ಮೈಕ್ರೋಸ್ಕೋಪಿನ ಪರದೆಯೆದುರು ಕೂರಿಸಿದಳು. ಒಂದು ಹನಿ ದ್ರಾವಣ. ಅದರೊಳಗೆ ಪ್ಲಾಸ್ಟಿಕ್ ಕಣಗಳು, ಒಂದೊಂದೂ ಕೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದು. ಪ್ರತಿಯೊಂದರ ಮೈಗೂ ಒಂದು ಚೂರು ತುಕ್ಕು. ಹೌದು, ಗೇಟಿಗೆ ಹಿಡಿಯುವ ತುಕ್ಕಿನ ಜಾತಿಯದ್ದೇ.

ನೀಲಿ ಬೆಳಕು ಹಾಕಿದಳು. ನಿಂತಲ್ಲೇ ನಡುಗುತ್ತಿದ್ದ ಕಣಗಳು ಈಜತೊಡಗಿದವು.

"ಜೀವ ಉಂಟಾ ಇದಕ್ಕೆ?" ಅಕ್ಕ ಕೇಳಿದಳು.

"ಇಲ್ಲಮ್ಮ. ಬೆಳಕು ಬಿದ್ದರೆ ತುಕ್ಕು ಸುತ್ತಲಿನ ದ್ರಾವಣವನ್ನು ಒಡೆಯುತ್ತದೆ. ಅದರ ಬಲದಲ್ಲಿ ಕಣ ಓಡುವುದು. ಗಾಯ ತೊಳೆಯುವಾಗ ನೊರೆ ಬರುವ ಮದ್ದು ಉಂಟಲ್ವಾ, ಅದೇ ದ್ರಾವಣ."

ಬ್ಯಾಟರಿ ಇಲ್ಲ. ವಯರ್ ಇಲ್ಲ. ನೋಡನೋಡುತ್ತ ಒಂದು ಕಣದ ಸುತ್ತ ಆರು ಕಣ ಬಂದು ಸೇರಿದವು. ಏಳೂ ಒಟ್ಟಾಗಿ ಗಿರಗಿರ ತಿರುಗಿದವು. ಯಾರೂ ಕೈಯಿಟ್ಟು ಜೋಡಿಸದ ಚಕ್ರ. ಬೆಳಕು ಆರಿಸಿದಳು, ಚಕ್ರ ಬಿಚ್ಚಿಹೋಯಿತು. ಮತ್ತೆ ಹಾಕಿದಳು, ಇನ್ನೊಂದು ಮೂಲೆಯಲ್ಲಿ ಹೊಸತು ಹುಟ್ಟಿತು. ನನಗೆ ಮೈ ಜುಮ್ಮೆಂದಿತು.

"ಇದರಿಂದ ಎಂತ ಪ್ರಯೋಜನ?" ಅಕ್ಕ ಮೆಲ್ಲಗೆ ಕೇಳಿದಳು.

"ಮುಂದೆ ಬೆಳಕಿನಲ್ಲೇ ನಡೆಯುವ ಪುಟ್ಟ ಯಂತ್ರಗಳು, ಹೇಳಿದ ಹಾಗೆ ಆಕಾರ ಬದಲಿಸುವ ವಸ್ತುಗಳು ಬರಬಹುದು. ಯಾವಾಗ ಅಂತ ಗೊತ್ತಿಲ್ಲ. ಬಾರದೆಯೂ ಇರಬಹುದು." ಶ್ರುತಿಯ ಸ್ವರ ತಗ್ಗಿತು. "ನೀನು ಎಂತಕ್ಕೆ ಬಂದದ್ದು ಅಂತ ನನಗೆ ಗೊತ್ತುಂಟು ಅಮ್ಮ."

ಅಕ್ಕ ಸ್ವಿಚ್ ಎಲ್ಲಿ ಎಂದು ಕೇಳಿದಳು. ತಾನೇ ಹಾಕಿದಳು, ಆರಿಸಿದಳು, ಪುನಃ ಹಾಕಿದಳು. ಒಂದು ಸಲ ಎಷ್ಟು ಕಾದರೂ ಚಕ್ರ ಕಟ್ಟಲಿಲ್ಲ.

"ಹೀಗೆ ಎಷ್ಟು ದಿನ ಕಾದಿದ್ದಿ ನೀನು?"

"ಸುಮಾರು ದಿನ."

ಅಕ್ಕ ಮಗಳ ಬೆನ್ನು ಸವರಿದಳು. "ಇನ್ನೊಮ್ಮೆ ನೋಡುವ" ಎಂದಳು.

ಹಿಂದಿರುಗುವಾಗ ಬಸ್ಸಿನಲ್ಲಿ ನಾವಿಬ್ಬರೇ. ಉಡುಪಿ ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಮನೆಗೆ ಬಾ ಅಂತ ಹೇಳಲೇ ಇಲ್ಲ ನಾನು. ನೀನಾದರೂ ನೆನಪು ಮಾಡಬಹುದಿತ್ತಲ್ಲ?"

"ನನಗೂ ಮರೆತುಹೋಯಿತು ಅಕ್ಕ."

ಕಣ್ಣೆದುರೇ ಇಂಥದ್ದು ನಡೆಯುವಾಗಲೂ ಮೊದಲು ಪ್ರಯೋಜನ ಕೇಳುವ ಚಾಳಿಯನ್ನು ನಮಗೆಲ್ಲ ಯಾರು ಕಲಿಸಿದ್ದು?