ದೇವರ ಮಣ್ಣಿನಲ್ಲಿ ಬಸಳೆ

ಬಕೆಟ್ ನೀಲಿಯದೇ ಆಗಿತ್ತೇ? ಎಷ್ಟೋ ವರ್ಷ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಸಿಕ್ಕ ಫೋಟೋದಲ್ಲಿ ಅದು ಕೆಂಪು. ಹಾಗಾಗಿ ಮುಂದಿನದನ್ನೂ ಅಷ್ಟಕ್ಕಷ್ಟೇ ನಂಬಿ. ಆ ದಿನಗಳಲ್ಲಿ ನಾವು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯಲ್ಲಿದ್ದೆವು. ಆ ವರ್ಷ ಅಪ್ಪ ಗಣಪತಿಯನ್ನು ಖಾಡಿಯ ಹಿನ್ನೀರಿಗೆ ಒಯ್ಯದೆ ಮನೆಯಲ್ಲೇ ಬಕೆಟ್ಟಿನಲ್ಲಿ ಮುಳುಗಿಸಿದರು. ಇಷ್ಟು ಖಂಡಿತ.

ಮರುದಿನ ಬಕೆಟ್ಟಿನಲ್ಲಿ ದೇವರಿರಲಿಲ್ಲ, ಬೂದು ಕೆಸರಿತ್ತು. ಅದನ್ನು ಪೂಜೆಯ ಹೂವು, ಗರಿಕೆಯ ಜೊತೆ ಬಾಲ್ಕನಿಯ ಹೂಕುಂಡಕ್ಕೆ ಸುರಿದರು. ಉಡುಪಿಯಿಂದ ಬಂದು ನಮ್ಮೊಡನಿದ್ದ ಅಜ್ಜಿ ಕುಂಡಕ್ಕೆ ಕೈಮುಗಿದು, "ಇದನ್ನು ಯಾರೂ ಮುಟ್ಟಬಾರದು" ಎಂದಳು.

ನಾನು ಮುಟ್ಟಿದೆ. ಸಿಗಡಿ ಹಾಕಿದ ಬಸಳೆಯ ಆಸೆಗೆ ಊರಿನಿಂದ ಒದ್ದೆ ಪೇಪರಿನಲ್ಲಿ ಸುತ್ತಿ ತರಿಸಿದ ಒಂದೇ ಒಂದು ಬಸಳೆ ದಂಟನ್ನು ಅಜ್ಜಿ ಅಡುಗೆಮನೆಯಿಂದಲೇ ಕೊಟ್ಟು, "ಚಟ್ಟಿಯಲ್ಲಿ ನೆಡು ಮಗಾ" ಎಂದಿದ್ದಳು. ಮಣ್ಣು ಮೆತ್ತಗಿದ್ದದ್ದು ಅದೊಂದೇ ಕುಂಡದಲ್ಲಿ. ಅಜ್ಜಿಯ ಕಣ್ಣಿಗೆ ಬೀಳುವಾಗ ದಂಟು ಚಿಗುರಿತ್ತು.

"ದೇವರ ಮೈಮೇಲೆ ಬೆಳೆದದ್ದಕ್ಕೆ ಸಿಗಡಿ ಹಾಕುವುದಾ? ಎಂಥ ಮಾಡಿಟ್ಟೆ ಮಾರಾಯ್ತಿ!"

ಕೀಳುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ಬಳ್ಳಿ ಗ್ರಿಲ್ ಹತ್ತಿತು. ಕೊಳೆತ ಚೆಂಡುಹೂವಿನ ವಾಸನೆ ಹೋಗಿ ಮಣ್ಣಿನ ವಾಸನೆ ಬಂತು. ಎಲ್ಲಿಂದಲೋ ಒಂದು ಎರೆಹುಳವೂ ಬಂತು. ಅಜ್ಜಿ ದಿನಾ ನೀರು ಹಾಕುವಳು, ಎಲೆ ಮುಟ್ಟಳು. ಬಸಳೆಗಾಗಿ ಅಷ್ಟು ಹಂಬಲಿಸಿದವಳ ಬಾಯಿ ಕಟ್ಟಿದವಳು ನಾನು ಎಂಬ ಕೊರಗು ನನಗೆ.

ಶಾಲೆಯಲ್ಲಿ ಆಗ ಪರಿಸರದ ಪಾಠ ನಡೆದಿತ್ತು. ಬಾಣಗಳು ಸುತ್ತು ಹಾಕುವ ಚಿತ್ರವನ್ನು ಅಜ್ಜಿಯ ಮುಂದಿಟ್ಟೆ. "ನೋಡಜ್ಜಿ, ಮಣ್ಣು ಗಿಡ ಆಗ್ತದೆ, ಗಿಡ ನಾವಾಗ್ತೇವೆ, ನಾವು ಪುನಃ ಮಣ್ಣು. ಸಬ್ ಗೋಲ್ ಗೋಲ್! ಪಾಪ ಎಲ್ಲಿಂದ ಬಂತು?"

ಅಜ್ಜಿ ಬಾಣಗಳ ಮೇಲೆ ಬೆರಳಾಡಿಸಿದಳು. "ಹಾಗಾದ್ರೆ ನಿನ್ನ ಅಜ್ಜ ಈಗ ಯಾವ ಸೊಪ್ಪಿನಲ್ಲಿದ್ದಾರೆ?"

ಪಾಠದಲ್ಲಿ ಅದಿರಲಿಲ್ಲ.

ಕೆಲವು ದಿನಗಳ ಮೇಲೆ, ಒಂದು ಸಂಜೆ, ನಾಲ್ಕನೆಯ ಮಹಡಿಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ತಟ್ಟೆ ತುಂಬ ಭಜಿ ಹಿಡಿದು ಬಂದರು. "ಆಜಿ, ಗರಮಾಗರಮ್!" ಅಜ್ಜಿ ನಾಲ್ಕು ತಿಂದು, ಇದು ಯಾವ ಎಲೆ ಎಂದು ಕೇಳಿದಳು. ನಿಮ್ಮದೇ ಬಳ್ಳಿ, ನನ್ನ ಕಿಟಕಿಯೊಳಗೇ ನುಗ್ಗಿಬಿಟ್ಟಿತ್ತು ಎಂದು ಕಾಕು ನಕ್ಕರು.

ಐದನೆಯದು ಅಜ್ಜಿಯ ಕೈಯಲ್ಲೇ ಉಳಿಯಿತು. ಆಮೇಲೆ ಅದನ್ನೂ ಬಾಯಿಗಿಟ್ಟಳು.

"ಇನ್ನು ತಿನ್ನದೆ ಬಿಟ್ಟರೆ ಅಜ್ಜನಿಗೆ ಬೇಸರ ಆದೀತು."

ಮರುದಿನ ಬಳ್ಳಿಗೆ ಕತ್ತಿ ಬಿತ್ತು. ಹೆಸರುಕಾಳು ಹಾಕಿದಳು, ಸಿಗಡಿಯಲ್ಲ, ಅಷ್ಟಕ್ಕೆ ರಾಜಿ. ಡಿಸೆಂಬರಿನ ಹೊತ್ತಿಗೆ ಸಿಗಡಿಯೂ ಬಂತು.

ಅಜ್ಜಿ ಈಗಿಲ್ಲ. ಆ ಕಟ್ಟಡವೂ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸದರಲ್ಲಿ ಕಿಟಕಿಗಳೆಲ್ಲ ಗಾಜು, ಮೇಲಿನ ಮನೆಗೆ ಬಳ್ಳಿ ಹತ್ತಲು ಹಿಡಿತವಿಲ್ಲ. ಆದರೆ ಆ ದಂಟಿನಿಂದ ಮುರಿದು, ಅದರಿಂದ ಮತ್ತೆ ಮುರಿದು ನೆಟ್ಟ ಬಸಳೆ ನನ್ನ ನವಿ ಮುಂಬಯಿಯ ಬಾಲ್ಕನಿಯಲ್ಲಿದೆ. ಕಳೆದ ವರ್ಷದ ಗಣಪತಿಯೂ ಅದೇ ಕುಂಡದಲ್ಲಿದ್ದಾನೆ. ಪಕ್ಕದ ಬಾಲ್ಕನಿಯ ಕಡೆ ಒಂದು ಕುಡಿ ಕೈಚಾಚಿದೆ. ನಾನು ಅದನ್ನು ಕತ್ತರಿಸಿಲ್ಲ.

ಕಾಕು ಭಜಿ ತಂದ ದಿನ ಬೆಳಿಗ್ಗೆ ಅಜ್ಜಿ ನಾಲ್ಕನೆಯ ಮಹಡಿಗೆ, ಕಾಕುವಿನ ಮನೆಗೆ ಹೋಗಿದ್ದಳು ಎಂದು ನನ್ನ ನೆನಪು. ಯಾಕೆ ಹೋಗಿದ್ದಳೋ, ನಿಜಕ್ಕೂ ಹೋಗಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.